ನೀಲ ನೈಲ್ ನದಿಯ ದಡದಲ್ಲಿ ಅಧ್ಯಾಪನ ಕಾಯಕ

ವಿದೇಶದಲ್ಲಿ ಉದ್ಯೋಗವೆಂದೊಡನೆ ನಮ್ಮ ಮನೆಗಳಲ್ಲಿ ಮೂಡುವ ಚಿತ್ರ ಸಾಮಾನ್ಯವಾಗಿ ಒಂದೇ. ಎಂಜಿನಿಯರಾದ ಮಗ ಅಮೆರಿಕೆಗೆ, ವೈದ್ಯೆಯಾದ ಮಗಳು ಇಂಗ್ಲೆಂಡಿಗೆ ತೆರಳುವ ಚಿತ್ರ ಅದು. ಕಲಾ ವಿಭಾಗದಲ್ಲಿ ಓದಿ, ಇಂಗ್ಲಿಷ್ ಎಂ.ಎ. ಮುಗಿಸಿ, ಅತಿಥಿ ಉಪನ್ಯಾಸಕರಾಗಿ ವರ್ಷವರ್ಷವೂ ಹೊಸ ಆದೇಶಕ್ಕಾಗಿ ಕಾದು ಕುಳಿತಿರುವ ತರುಣ ತರುಣಿಯರಿಗೂ ಹೊರನಾಡಿನಲ್ಲಿ ಒಂದು ಪೀಠವುಂಟೇ ಎಂದು ನಾವು ಕೇಳುವುದು ಅಪರೂಪ. ಕೇಳಿದರೂ, "ಇಂಗ್ಲಿಷ್ ಕಲಿಸಲು ಇಂಗ್ಲಿಷರೇ ಇದ್ದಾರಲ್ಲ, ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗರನ್ನು ಯಾರು ಕರೆದಾರು?" ಎಂಬ ಮಾತಿನಲ್ಲಿ ಪ್ರಶ್ನೆ ಮುಗಿದು ಹೋಗುತ್ತದೆ.

ಪೂರ್ವ ಆಫ್ರಿಕದ ಇಥಿಯೋಪಿಯಾ ದೇಶ ಈ ಪ್ರಶ್ನೆಗೆ ಬಹು ಹಿಂದೆಯೇ ಉತ್ತರ ಕೊಟ್ಟಿದೆ. 2007ರಿಂದ ನಾಲ್ಕು ವರ್ಷ ಕಾಲ ಆ ನಾಡಿನ ಬಹಿರ್ ದಾರ್ ನಗರದ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬೋಧಿಸುವ ಅವಕಾಶ ನನಗೆ ದೊರಕಿತು. ಅಲ್ಲಿ ಕಂಡದ್ದನ್ನೂ, ಅಂಥ ಉದ್ಯೋಗವನ್ನರಸಿ ಹೊರಡುವವರು ತಿಳಿದಿರಬೇಕಾದದ್ದನ್ನೂ ಶರಣಬಂಧುಗಳ ಮುಂದೆ ಇರಿಸುವುದು ಈ ಲೇಖನದ ಉದ್ದೇಶ.

ಹಳೆಯ ನಂಟು

ಇಥಿಯೋಪಿಯಾ ನಮಗೆ ಅಷ್ಟೇನೂ ಅಪರಿಚಿತ ನಾಡಲ್ಲ. ವಿಜಯಪುರದಲ್ಲಿ ಗೋಲಗುಮ್ಮಟವನ್ನು ಕಟ್ಟಿಸಿದ ಮಹಮ್ಮದ್ ಆದಿಲ್ ಶಹನ ಆಸ್ಥಾನದಲ್ಲಿ ಮಂತ್ರಿಯಾಗಿ ಮೆರೆದ ಇಖ್ಲಾಸ್ ಖಾನ್ ಹಬಶಿ ಮೂಲದವನು. ಹಬಶಿ ಎಂದರೆ ಅಬಿಸೀನಿಯಾದವನು. ಅಬಿಸೀನಿಯಾ ಎಂಬುದು ಇಥಿಯೋಪಿಯಾದ ಹಳೆಯ ಹೆಸರು. ನಮ್ಮ ಉತ್ತರ ಕರ್ನಾಟಕದ ಮನೆಮನೆಯ ಗುರೆಳ್ಳು ಚಟ್ನಿಯ ಗುರೆಳ್ಳಿಗೂ ಆ ದೇಶದ ಎತ್ತರದ ಬಯಲುಗಳೇ ತವರು. ಅಲ್ಲಿ ಅದನ್ನು 'ನೂಗ್' ಎನ್ನುತ್ತಾರೆ. ಅದರ ಎಣ್ಣೆಯಿಂದಲೇ ಅಡಿಗೆ ಮಾಡುತ್ತಾರೆ. ಕಾಫಿಯ ಮೂಲವೂ ಅದೇ ನಾಡು. ಬಾಬಾಬುಡನ್ ಅವರು ಯೆಮನ್ ದೇಶದಿಂದ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂದು ಹೇಳುವ ಬೀಜಗಳ ಪೂರ್ವಜರು ಇಥಿಯೋಪಿಯಾದ ಕಾಡಿನವು.

ಅಲ್ಲಿಂದ ಇಲ್ಲಿಗೆ ಯೋಧರು ಬಂದರು, ಬೀಜಗಳು ಬಂದವು. ಇಲ್ಲಿಂದ ಅಲ್ಲಿಗೆ ಹೋದವರಲ್ಲಿ ಶಿಕ್ಷಕರು ಮುಖ್ಯರು. 1936ರಿಂದ 1941ರವರೆಗಿನ ಇಟಲಿಯ ಆಕ್ರಮಣದಿಂದ ಬಿಡುಗಡೆ ಹೊಂದಿದ ಮೇಲೆ ಚಕ್ರವರ್ತಿ ಹೈಲೆ ಸೆಲಾಸಿ ತಮ್ಮ ದೇಶದಲ್ಲಿ ಶಾಲೆಗಳನ್ನು ತೆರೆಯುತ್ತ ಹೋದಾಗ ಭಾರತದಿಂದ ಶಿಕ್ಷಕರನ್ನು ಹೆಚ್ಚಿನ ಸಂಖ್ಯೆಯಲ್ಲಿ ಬರಮಾಡಿಕೊಂಡರು. ರಾಜಧಾನಿಯಲ್ಲಿ ಮಾತ್ರವಲ್ಲ, ವಿದ್ಯುತ್ ದೀಪ ಕಾಣದ ಸಣ್ಣ ಊರುಗಳಲ್ಲಿಯೂ ಅವರು ನೆಲೆಸಿ ಪಾಠ ಹೇಳಿದರು. ಇಂದಿಗೂ ಆ ದೇಶದ ಹಿರಿಯರ ಮುಂದೆ ನಾವು ಭಾರತದವರೆಂದು ಹೇಳಿದರೆ, "ನನಗೆ ಗಣಿತ ಕಲಿಸಿದವರು ನಿಮ್ಮವರು" ಎಂದು ಎದ್ದು ನಿಂತು ಕೈ ಕುಲುಕುವವರುಂಟು. ಆ ಹಿಂದಿನ ಶಿಕ್ಷಕರ ದುಡಿಮೆಯ ಪುಣ್ಯವನ್ನು ನಂತರ ಹೋದ ನಾವೆಲ್ಲರೂ ಉಂಡೆವೆಂದರೆ ತಪ್ಪಾಗದು.

ದಾರಿ ತೆರೆದ ಬಗೆ

1990ರ ದಶಕದ ಬಹುಭಾಗ ಇಥಿಯೋಪಿಯಾದಲ್ಲಿ ಇದ್ದದ್ದು ಎರಡೇ ವಿಶ್ವವಿದ್ಯಾಲಯಗಳು. ಆಮೇಲಿನ ಎರಡು ದಶಕಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳೇ ನಲವತ್ತನ್ನು ಮೀರಿದವು. ಕಟ್ಟಡಗಳನ್ನು ಎರಡು ವರ್ಷದಲ್ಲಿ ಎಬ್ಬಿಸಬಹುದು, ಅಧ್ಯಾಪಕರನ್ನು ಎಬ್ಬಿಸಲಾಗದು. ಆದುದರಿಂದ ಅಲ್ಲಿಯ ಸರ್ಕಾರ ಮತ್ತೆ ಭಾರತದತ್ತ ನೋಡಿತು. ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತಿತ್ತು, ನಮ್ಮ ದೊಡ್ಡ ನಗರಗಳಲ್ಲಿ ಸಂದರ್ಶನ ನಡೆಯುತ್ತಿತ್ತು. ಕೇಳುತ್ತಿದ್ದದ್ದು ಸ್ನಾತಕೋತ್ತರ ಪದವಿ, ಬೋಧನೆಯ ಅನುಭವ, ಸ್ಪಷ್ಟವಾದ ಮಾತು. ಪಿಎಚ್.ಡಿ. ಇದ್ದವರಿಗೆ ಮೇಲಿನ ಹುದ್ದೆ. ಒಪ್ಪಂದ ಸಾಮಾನ್ಯವಾಗಿ ಎರಡು ವರ್ಷದ್ದು. ಕೆಲಸ ಮೆಚ್ಚಿಗೆಯಾದರೆ ಮುಂದುವರಿಯುತ್ತಿತ್ತು.

ಎಲ್ಲ ದೇಶಗಳೂ ಹೀಗಲ್ಲ ಎಂಬುದನ್ನು ಓದುಗರು ಗಮನಿಸಬೇಕು. ದಕ್ಷಿಣ ಕೊರಿಯಾದಲ್ಲಿ ಶಾಲೆಗಳಲ್ಲಿಯೂ ಖಾಸಗಿ ಪಾಠಕೇಂದ್ರಗಳಲ್ಲಿಯೂ ಇಂಗ್ಲಿಷ್ ಸಂಭಾಷಣೆ ಕಲಿಸುವವರ ವೀಸಾ ಮುಖ್ಯವಾಗಿ ಇಂಗ್ಲಿಷ್ ಮಾತೃಭಾಷೆಯಾದ ಏಳು ದೇಶಗಳ ಪ್ರಜೆಗಳಿಗೆ ಮೀಸಲು. ಅಲ್ಲಿ ಮೊದಲು ನೋಡುವುದು ಪಾಸ್‌ಪೋರ್ಟಿನ ಮುಖಪುಟವನ್ನು. ಇಥಿಯೋಪಿಯಾದಲ್ಲಿ ಮೊದಲು ನೋಡಿದ್ದು ಪದವಿಯ ಪತ್ರವನ್ನು, ಆಮೇಲೆ ಪಾಠ ಹೇಳುವ ರೀತಿಯನ್ನು.

ಆದೇಶ ಕೈಸೇರಿದ ದಿನ ನಮ್ಮ ಮನೆಯಲ್ಲಿ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಾಯಿತು. 1984-85ರ ಭೀಕರ ಕ್ಷಾಮದ ಚಿತ್ರಗಳನ್ನು ಕಂಡಿದ್ದ ತಾಯಿಯವರಿಗೆ ಇಥಿಯೋಪಿಯಾ ಎಂದರೆ ಬರಗಾಲವೊಂದೇ. "ಅಲ್ಲಿ ಮಂದಿಗೇ ಉಣ್ಣಾಕ ಸಿಗಾಂಗಿಲ್ಲಂತ. ನಿನಗೇನು ಸಿಗತೈತಿ ತಮ್ಮಾ? ಎಲ್ಲೇ ಇದ್ರೂ ಲಿಂಗಪೂಜಿ ಮಾತ್ರ ತಪ್ಪಿಸಬ್ಯಾಡ" ಎಂದರು. ಆ ಎರಡು ಚಿಂತೆಗಳಿಗೂ ಆ ನಾಡು ಕೊಟ್ಟ ಉತ್ತರವನ್ನು ಮುಂದೆ ಹೇಳುತ್ತೇನೆ.

ತಾನಾ ಸರೋವರದ ಊರು

ಮುಂಬಯಿಯಿಂದ ಅರಬ್ಬೀ ಸಮುದ್ರವನ್ನು ದಾಟಿ ಸುಮಾರು ಐದೂವರೆ ತಾಸು ಹಾರಿದರೆ ಅಡಿಸ್ ಅಬಾಬಾ. ಅಲ್ಲಿಂದ ವಾಯವ್ಯಕ್ಕೆ ಸುಮಾರು 500 ಕಿಲೋಮೀಟರ್ ರಸ್ತೆಯ ಪ್ರಯಾಣ. ನಡುದಾರಿಯಲ್ಲಿ ಭೂಮಿ ಒಮ್ಮೆಲೆ ಬಾಯ್ದೆರೆದಂತೆ ಸಾವಿರ ಮೀಟರಿಗೂ ಆಳವಾದ ಕಮರಿಯೊಂದು ಎದುರಾಗುತ್ತದೆ. ಅದರ ತಳದಲ್ಲಿ ಹರಿಯುವುದೇ ನೀಲ ನೈಲ್. ಅಲ್ಲಿಯವರ ಬಾಯಲ್ಲಿ ಅಬಾಯ್. ವಾಹನ ಸುತ್ತುತ್ತ ಇಳಿದು, ಸೇತುವೆ ದಾಟಿ, ಮತ್ತೆ ಸುತ್ತುತ್ತ ಏರುವಷ್ಟರಲ್ಲಿ ಒಂದು ಹೊತ್ತೇ ಕಳೆಯುತ್ತದೆ.

ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿ, ಆ ದೇಶದ ಅತಿ ದೊಡ್ಡ ಸರೋವರವಾದ ತಾನಾದ ದಡದಲ್ಲಿ ಬಹಿರ್ ದಾರ್ ನಗರವಿದೆ. ಇಕ್ಕೆಲಗಳಲ್ಲಿ ತಾಳೆಮರಗಳಿರುವ ಅಗಲವಾದ ಬೀದಿಗಳು. ಆ ಬೀದಿಗಳಲ್ಲಿ ಓಡಾಡುವ ನೀಲಿ ಬಣ್ಣದ ಮೂರು ಗಾಲಿಯ ಆಟೋಗಳನ್ನು ಜನ ಕರೆಯುವ ಹೆಸರೇ 'ಬಜಾಜ್'! ಸರೋವರದ ನಡುಗಡ್ಡೆಗಳಲ್ಲಿ ಶತಮಾನಗಳಷ್ಟು ಹಳೆಯ ಕ್ರೈಸ್ತ ಮಠಗಳಿವೆ. ಜಂಬುಹುಲ್ಲನ್ನು ಹೆಣೆದು ಮಾಡಿದ 'ತಾಂಕ್ವಾ' ಎಂಬ ಹಗುರ ದೋಣಿಗಳಲ್ಲಿ ಬೆಸ್ತರು ಇಂದಿಗೂ ಸಾಗುತ್ತಾರೆ. ಅಬಾಯ್ ನದಿ ಹೊರಡುವುದು ಈ ಸರೋವರದಿಂದಲೇ. ಸುಮಾರು 30 ಕಿಲೋಮೀಟರ್ ಕೆಳಗೆ ಅದು ಜಲಪಾತವಾಗಿ ಧುಮುಕುತ್ತದೆ. ಮಳೆಗಾಲದ ಕೊನೆಯಲ್ಲಿ ಅದನ್ನು ನೋಡಿದಾಗ ನಮ್ಮ ಗೋಕಾಕದ ಘಟಪ್ರಭೆಯೇ ನೆನಪಾಗುತ್ತಿದ್ದಳು. ವಿದ್ಯುತ್ತಿಗಾಗಿ ನೀರನ್ನು ತಿರುಗಿಸಿರುವುದರಿಂದ ಬೇಸಿಗೆಯಲ್ಲಿ ಅಲ್ಲಿ ಬಂಡೆಯೇ ಹೆಚ್ಚು ಕಾಣುತ್ತದೆ. ಅದೂ ಗೋಕಾಕದ ಹಾಗೆಯೇ.

ಹೊಸಬರನ್ನು ಮೊದಲು ಕಂಗೆಡಿಸುವುದು ಅಲ್ಲಿಯ ಕಾಲಗಣನೆ. ಇಥಿಯೋಪಿಯಾದ ಪಂಚಾಂಗದಲ್ಲಿ ಮೂವತ್ತು ದಿನಗಳ ಹನ್ನೆರಡು ತಿಂಗಳು, ಐದಾರು ದಿನಗಳ ಹದಿಮೂರನೆಯದೊಂದು ತಿಂಗಳು. ವರ್ಷದ ಎಣಿಕೆ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದೆ. ಹೊಸ ವರ್ಷ ಸೆಪ್ಟೆಂಬರ್ 11ರಂದು, ಕೆಲವೊಮ್ಮೆ 12ರಂದು. ಗಂಟೆಯ ಎಣಿಕೆಯಾದರೂ ಸೂರ್ಯೋದಯದಿಂದ. ನಮ್ಮ ಬೆಳಗಿನ ಎಂಟು ಗಂಟೆ ಅವರಿಗೆ ಎರಡು ಗಂಟೆ. ಘಳಿಗೆಗಳನ್ನು ಉದಯದಿಂದಲೇ ಎಣಿಸುತ್ತಿದ್ದ ನಮ್ಮ ಅಜ್ಜಂದಿರು ಅಲ್ಲಿಗೆ ಹೋಗಿದ್ದರೆ ನನಗಿಂತ ಬೇಗ ಹೊಂದಿಕೊಳ್ಳುತ್ತಿದ್ದರು.

ತರಗತಿಯ ಒಳಗೆ

ಅಧ್ಯಾಪಕನಿಗೆ ಅಲ್ಲಿ 'ಮೆಮ್ಹಿರ್' ಎಂದು ಹೆಸರು. ಶಾಲೆಯ ಗುರುವಿಗೂ ಧರ್ಮಬೋಧೆ ಮಾಡುವ ಗುರುವಿಗೂ ಅದೊಂದೇ ಮಾತು. ನಮ್ಮಲ್ಲಿ ನೀನು, ನೀವು ಎಂಬ ಭೇದವಿರುವಂತೆ ಅವರ ಅಮ್ಹಾರಿಕ್ ಭಾಷೆಯಲ್ಲಿಯೂ ಗೌರವದ ಪ್ರತ್ಯೇಕ ರೂಪವುಂಟು. ವಿದ್ಯಾರ್ಥಿಗಳು ತಲೆಬಾಗಿ ವಂದಿಸುವುದನ್ನು ಕಂಡಾಗ ನಮ್ಮ ಮಠದ ಪ್ರಸಾದನಿಲಯಗಳ ಹುಡುಗರೇ ಕಣ್ಮುಂದೆ ಬರುತ್ತಿದ್ದರು.

ಆದರೆ ಆ ವಿದ್ಯಾರ್ಥಿಗಳ ಕಷ್ಟ ದೊಡ್ಡದು. 1994ರ ಶಿಕ್ಷಣ ನೀತಿಯಂತೆ ಅಲ್ಲಿ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ. ಒಂಬತ್ತನೆಯ ತರಗತಿಯಿಂದ ಎಲ್ಲ ವಿಷಯಗಳೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಹಳ್ಳಿಯ ಹುಡುಗಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ ಮೊದಲ ತಿಂಗಳಲ್ಲಿ ಪಡುವ ಪಾಡನ್ನು ಅಲ್ಲಿ ಇಡೀ ದೇಶದ ಮಕ್ಕಳು ಪಡುತ್ತಾರೆ. 2004ರ ಸುಮಾರಿಗೆ ಅಲ್ಲಿಯ ಪ್ರೌಢಶಾಲೆಗಳಲ್ಲಿ ದೊಡ್ಡ ಟೆಲಿವಿಷನ್ ಪರದೆಗಳನ್ನಿರಿಸಿ, ದಕ್ಷಿಣ ಆಫ್ರಿಕದಲ್ಲಿ ಸಿದ್ಧಪಡಿಸಿದ ಇಂಗ್ಲಿಷ್ ಪಾಠಗಳನ್ನು ಬಿತ್ತರಿಸಲಾರಂಭಿಸಿದರು. ಮಕ್ಕಳು ಅದನ್ನು 'ಪ್ಲಾಸ್ಮಾ' ಎನ್ನುತ್ತಿದ್ದರು. ಪರದೆಯ ಗುರು ಶುದ್ಧವಾಗಿ, ವೇಗವಾಗಿ ಮಾತನಾಡಿ ಮುಗಿಸುತ್ತಿದ್ದ. ಅರ್ಥವಾಗದೆ ಕೈಯೆತ್ತಿದ ಮಗುವನ್ನು ಕಾಣಲು ಅವನಿಗೆ ಕಣ್ಣಿರಲಿಲ್ಲ. ಹಾಗೆ ಕಲಿತು ಬಂದವರು ನನ್ನ ಮುಂದಿದ್ದರು. ಬರೆದದ್ದು ತಕ್ಕಮಟ್ಟಿಗೆ ತಿಳಿಯುತ್ತಿತ್ತು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಒಂದು ದಿನ ಹಿಂದಿನ ಸಾಲಿನಲ್ಲಿ ಕುಳಿತ ಹುಡುಗನೊಬ್ಬ ಬಹಳ ಹೊತ್ತು ಅಳುಕಿ, "ಗುರುಗಳೇ, ತಾವು ಹುಟ್ಟಿದಾಗಿನಿಂದಲೇ ಇಂಗ್ಲಿಷ್ ಮಾತನಾಡುತ್ತೀರಾ?" ಎಂದು ಕೇಳಿದ. "ಇಲ್ಲಪ್ಪ, ನನ್ನ ತಾಯ್ನುಡಿ ಕನ್ನಡ. ಇಂಗ್ಲಿಷ್ ಅಕ್ಷರ ಬರೆದದ್ದು ಐದನೆಯ ತರಗತಿಯಲ್ಲಿ. ಕಾಲೇಜು ಸೇರಿದಾಗ ನಾನೂ ನಿನ್ನಂತೆಯೇ ಹಿಂದಿನ ಸಾಲಿನಲ್ಲಿ ಬಾಯಿಮುಚ್ಚಿ ಕುಳಿತವನು" ಎಂದೆ. ತರಗತಿಯಲ್ಲಿ ಸದ್ದೇ ಇಲ್ಲ. ಆಮೇಲೆ ಕಪ್ಪುಹಲಗೆಯ ಮೇಲೆ "ಅವನು ಪುಸ್ತಕವನ್ನು ಓದಿದನು" ಎಂದು ಕನ್ನಡದಲ್ಲಿ ಬರೆದು, ಅದರ ಅರ್ಥ ಹೇಳಿ, ಅದರಡಿ ಅಮ್ಹಾರಿಕ್ ವಾಕ್ಯವನ್ನು ಬರೆಯುವಂತೆ ಅವನಿಗೇ ಹೇಳಿದೆ. "ಇಸ್ಸು ಮೆಟ್ಸ್‌ಹಾಫುನ್ ಅನೆಬ್ಬೆಬೆ" ಎಂದು ಬರೆದ. ಪದದ ಕೆಳಗೆ ಪದ ಸರಿಯಾಗಿ ಬಂದು ಕುಳಿತಿತು. ನಮ್ಮ 'ಅನ್ನು' ಎಂಬ ವಿಭಕ್ತಿ ಪ್ರತ್ಯಯ ನಿಲ್ಲುವ ಜಾಗದಲ್ಲಿ ಅವರದೊಂದು 'ನ್'. ನಮ್ಮಲ್ಲಿ ಓದಿದನು, ಓದಿದಳು ಎಂದು ಕ್ರಿಯಾಪದವೇ ಲಿಂಗವನ್ನು ಹೇಳುವಂತೆ ಅವರಲ್ಲಿ ಅನೆಬ್ಬೆಬೆ, ಅನೆಬ್ಬೆಬೆಚ್. ಮೂರನೆಯ ಸಾಲಿನಲ್ಲಿ ಇಂಗ್ಲಿಷ್ ವಾಕ್ಯವನ್ನು ಬರೆದಾಗ ಕೊನೆಯಲ್ಲಿದ್ದ ಕ್ರಿಯಾಪದ ನಡುವಿಗೆ ಹಾರಿತ್ತು. "ನಿಮ್ಮ ತಪ್ಪುಗಳು ದಡ್ಡತನದ ತಪ್ಪುಗಳಲ್ಲ. ನಿಮ್ಮ ತಾಯಿಯ ಭಾಷೆ ಹೇಳಿಕೊಟ್ಟ ಕ್ರಮದಲ್ಲಿ ನೀವು ಯೋಚಿಸುತ್ತಿದ್ದೀರಿ. ನನಗೂ ಹಾಗೆಯೇ ಆಗಿತ್ತು" ಎಂದು ಹೇಳಿದೆ. ಮರುದಿನ ಏಳೆಂಟು ಕೈಗಳು ಮೇಲೆದ್ದವು.

ಅವರ ಲಿಪಿಯನ್ನು ಕಲಿಯಲು ಕುಳಿತಾಗ ನನಗೂ ಅಂಥದೇ ಸಂತೋಷವಾಯಿತು. ಹ, ಹು, ಹಿ ಎಂದು ಒಂದೊಂದು ಅಕ್ಷರಕ್ಕೂ ಏಳು ರೂಪ. ನಮ್ಮ ಕಾಗುಣಿತವೇ ಸರಿ! ಮೂವತ್ತಮೂರು ಅಕ್ಷರಗಳಿಂದ 231 ರೂಪಗಳಾಗುವ ಆ ಪಟ್ಟಿಯನ್ನು ಮಕ್ಕಳು ರಾಗವಾಗಿ ಒಪ್ಪಿಸುತ್ತಾರೆ. ಇಂಗ್ಲಿಷ್ ತಾಯ್ನುಡಿಯಲ್ಲದವನು ಇಂಗ್ಲಿಷ್ ಗುರುವಾಗುವುದು ಕೊರತೆಯೆಂದು ನಮ್ಮ ಹುಡುಗರು ತಿಳಿದಿದ್ದಾರೆ. ಕಲಿಯುವ ದಾರಿಯ ಕಲ್ಲುಮುಳ್ಳುಗಳನ್ನು ತಾನೇ ತುಳಿದು ಬಂದವನು ಆ ದಾರಿಯನ್ನು ಚೆನ್ನಾಗಿ ತೋರಿಸಬಲ್ಲನೆಂಬುದು ಅಲ್ಲಿ ನಾಲ್ಕು ವರ್ಷ ನಾನು ದಿನನಿತ್ಯ ಕಂಡ ಸತ್ಯ.

ಊಟ, ಉಪವಾಸ, ಪೂಜೆ

ಈಗ ತಾಯಿಯವರ ಚಿಂತೆಗಳಿಗೆ ಬರೋಣ. ಇಥಿಯೋಪಿಯಾದ ಸಾಂಪ್ರದಾಯಿಕ ಕ್ರೈಸ್ತರು ಪ್ರತಿ ಬುಧವಾರ, ಶುಕ್ರವಾರ ಉಪವಾಸ ಆಚರಿಸುತ್ತಾರೆ. ಈಸ್ಟರ್ ಹಬ್ಬಕ್ಕೆ ಮುನ್ನ 55 ದಿನಗಳ ದೀರ್ಘ ವ್ರತ ಬೇರೆ. ಆ ದಿನಗಳಲ್ಲಿ ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು ತುಪ್ಪವನ್ನೂ ಮುಟ್ಟುವುದಿಲ್ಲ. 'ತ್ಸೋಮ್' ಎಂದರೆ ಉಪವಾಸ. ಆ ಒಂದು ಮಾತನ್ನು ಕಲಿತರೆ ಸಸ್ಯಾಹಾರಿಗೆ ಹೊಟ್ಟೆಯ ಚಿಂತೆಯಿಲ್ಲ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಕಲಸಿ ಹುಳಿಬರಿಸಿ ಹುಯ್ದ 'ಇಂಜೆರಾ' ನಮ್ಮ ದೋಸೆಯ ದೊಡ್ಡಣ್ಣ. ಅದರ ಮೇಲೆ ಬೇಳೆ, ಸೊಪ್ಪು, ಕಾಳುಹಿಟ್ಟಿನಿಂದ ಮಾಡಿದ 'ಶಿರೋ' ಬಡಿಸುತ್ತಾರೆ. ಶಿರೋ ತಿಂದ ಮೊದಲ ದಿನವೇ ಅದು ಸ್ವಲ್ಪ ತೆಳುವಾದ ಜುಣಕವೆಂದು ನಾಲಿಗೆ ಹೇಳಿತು. ಉಪವಾಸವಲ್ಲದ ದಿನಗಳಲ್ಲಿ ಮಾತ್ರ ಹೋಟೆಲುಗಳಲ್ಲಿ ಎಚ್ಚರ ಬೇಕು. ಮನೆಯಲ್ಲಿ ಅಡಿಗೆ ಮಾಡಿಕೊಳ್ಳುವುದೇ ಲೇಸು. ಜೋಳ, ಬೇಳೆ, ಮೆಣಸಿನಕಾಯಿ ಎಲ್ಲವೂ ಸಂತೆಯಲ್ಲಿ ಸಿಗುತ್ತವೆ. ಎರಡನೆಯ ವರ್ಷ ನನ್ನ ಪತ್ನಿ ಬಂದ ಮೇಲೆ ನಮ್ಮ ಮನೆಯಲ್ಲಿ ರೊಟ್ಟಿಯ ಸದ್ದೂ ಕೇಳಿಬಂತು.

ಅವರು ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತು ಎಲ್ಲರೂ ಕೂಡಿ ಉಣ್ಣುತ್ತಾರೆ. ಪ್ರೀತಿಪಾತ್ರರ ಬಾಯಿಗೆ ತುತ್ತಿಡುವುದಕ್ಕೆ 'ಗುರ್ಷಾ' ಎನ್ನುತ್ತಾರೆ. ಕಾಫಿಯನ್ನು ಅತಿಥಿಯ ಮುಂದೆಯೇ ಹುರಿದು ಕುಟ್ಟಿ, ಮೂರು ಸುತ್ತು ಕೊಡುತ್ತಾರೆ. ಮೂರನೆಯ ಸುತ್ತು ಮುಗಿಯದೆ ಏಳುವುದು ಸರಿಯಲ್ಲ. ಬಸವ ಜಯಂತಿಯಂದು ನಮ್ಮ ಮನೆಯಲ್ಲಿ ಹೋಳಿಗೆ ಮಾಡಿ, ಆಂಧ್ರ, ತಮಿಳುನಾಡುಗಳ ಸಹೋದ್ಯೋಗಿಗಳನ್ನೂ ನೆರೆಯ ಇಥಿಯೋಪಿಯನ್ನರನ್ನೂ ಕರೆದಾಗ, ದಾಸೋಹವೆಂದರೇನೆಂದು ವಿವರಿಸುವ ಪ್ರಮೇಯವೇ ಬರಲಿಲ್ಲ. ಅವರಿಗೆ ಅದು ಗೊತ್ತಿತ್ತು.

ಇಷ್ಟಲಿಂಗದ ವಿಷಯ ಇನ್ನೂ ಸ್ವಾರಸ್ಯವಾದುದು. ನನ್ನ ಕೊರಳ ಶಿವದಾರವನ್ನು ಕಂಡ ಹಿರಿಯ ಸಹೋದ್ಯೋಗಿಯೊಬ್ಬರು ಅದೇನೆಂದು ಮೆಲ್ಲನೆ ಕೇಳಿದರು. ಹುಟ್ಟಿದ ಮಗುವಿಗೆ ನಮ್ಮಲ್ಲಿ ಲಿಂಗಧಾರಣೆ ಮಾಡುವುದನ್ನೂ, ಕೊನೆಯ ಉಸಿರಿನವರೆಗೆ ಅದನ್ನು ಅಗಲದಿರುವುದನ್ನೂ ಹೇಳಿದೆ. ಅವರು ತಮ್ಮ ಅಂಗಿಯ ಕೊರಳನ್ನು ಸರಿಸಿ ಒಂದು ದಾರವನ್ನು ತೋರಿಸಿದರು. ಅದಕ್ಕೆ 'ಮಾತೆಬ್' ಎಂದು ಹೆಸರು. ದೀಕ್ಷಾಸ್ನಾನದ ದಿನ ಮಗುವಿನ ಕೊರಳಿಗೆ ಕಟ್ಟುವ ದಾರವದು. ಎರಡರ ತತ್ತ್ವ ಬೇರೆ, ನಿಜ. ಆದರೆ ನಂಬಿಕೆಯನ್ನು ಮೈಮೇಲೆ ಧರಿಸಿ ಬಾಳುವುದೇನೆಂದು ಬಲ್ಲ ಜನರ ನಡುವೆ ನನ್ನ ಬೆಳಗಿನ ಪೂಜೆಗೆ ಒಂದು ದಿನವೂ ಅಡ್ಡಿ ಬರಲಿಲ್ಲ. ಅವರ ಚರ್ಚುಗಳಿಗೂ ಪಾದರಕ್ಷೆ ಕಳಚಿಯೇ ಒಳಗೆ ಹೋಗಬೇಕು.

ಹೋಗಬಯಸುವವರಿಗೆ

ಇಷ್ಟು ಓದಿ ಯಾರೂ ನಾಳೆಯೇ ಹೊರಡಬಾರದು. ನಾನಿದ್ದ ಕಾಲ ಬೇರೆ, ಇಂದಿನ ಕಾಲ ಬೇರೆ. 2020ರ ನವೆಂಬರಿನಿಂದ ಎರಡು ವರ್ಷ ಟಿಗ್ರೆ ಪ್ರಾಂತ್ಯ ಘೋರ ಯುದ್ಧದಲ್ಲಿ ಬೆಂದಿತು. 2023ರ ಆಗಸ್ಟಿನಲ್ಲಿ, ಬಹಿರ್ ದಾರ್ ರಾಜಧಾನಿಯಾಗಿರುವ ಅಮ್ಹಾರಾ ಪ್ರಾಂತ್ಯದ ಗಲಭೆಯಿಂದಾಗಿ ತುರ್ತುಪರಿಸ್ಥಿತಿ ಘೋಷಿಸಬೇಕಾಯಿತು. ನನ್ನ ಹಳೆಯ ವಿದ್ಯಾರ್ಥಿಗಳು ಏನಾದರೋ ಎಂದು ನೆನೆದಾಗ ಮನಸ್ಸು ಭಾರವಾಗುತ್ತದೆ. ಯಾವ ದೇಶಕ್ಕೇ ಆಗಲಿ ಹೊರಡುವ ಮೊದಲು ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆಗಳನ್ನೂ ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ಮಾತನ್ನೂ ಕೇಳಬೇಕು. ಇಥಿಯೋಪಿಯಾದಲ್ಲಿ ಈಗ ಅಲ್ಲಿಯವರೇ ಉನ್ನತ ಪದವಿ ಪಡೆದು ಅಧ್ಯಾಪಕರಾಗಿದ್ದಾರೆ. ಅದು ಸಂತೋಷದ ಸಂಗತಿಯೇ. ಹೊರಗಿನಿಂದ ಬರುವವರು ಬರಿಯ ಎಂ.ಎ.ಯನ್ನು ನೆಚ್ಚಬಾರದು, ಪಿಎಚ್.ಡಿ. ಇದ್ದರೆ ಬಲ. ಒಮಾನ್, ಸೌದಿ ಅರೇಬಿಯಾಗಳಲ್ಲಿ ಪದವಿಗೆ ಮುಂಚಿನ ಇಂಗ್ಲಿಷ್ ಸಿದ್ಧತಾ ತರಗತಿಗಳಿಗೆ ಭಾರತೀಯರು ಹೋಗುತ್ತಿದ್ದಾರೆ. ಅಲ್ಲಿ ಭಾಷಾಬೋಧನೆಯ ಪ್ರಮಾಣಪತ್ರವನ್ನೂ ಅನುಭವವನ್ನೂ ಕೇಳುವುದುಂಟು.

ಕಾಗದಪತ್ರಗಳ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ. ಪದವಿ ಪತ್ರಗಳಿಗೆ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ, ಕೊನೆಗೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ. ಇಥಿಯೋಪಿಯಾಕ್ಕೆ ಹೋಗುವವರು ಹೊರಡುವ ಹತ್ತು ದಿನ ಮೊದಲೇ ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲಿ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಅದಿಲ್ಲದೆ ಮರಳಿ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲಿಯೇ ತಡೆದು ಪ್ರತ್ಯೇಕವಾಗಿರಿಸಬಹುದು.

ಮಧ್ಯವರ್ತಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. 1983ರ ವಲಸೆ ಕಾಯಿದೆಯಂತೆ ನೋಂದಾಯಿತನಾದ ಏಜೆಂಟನು ಮಾತ್ರ ಹೊರದೇಶದ ಕೆಲಸಕ್ಕೆ ಜನರನ್ನು ಆರಿಸಿ ಕಳುಹಿಸಬಹುದು. ಅವನೂ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಕೇಳುವಂತಿಲ್ಲ. ನನ್ನ ಪರಿಚಿತ ಉಪನ್ಯಾಸಕರೊಬ್ಬರು ಹೊಲವನ್ನು ಅಡವಿಟ್ಟು ಲಕ್ಷಗಟ್ಟಲೆ ಹಣ ತೆತ್ತು ಆದೇಶವೊಂದನ್ನು ಪಡೆದರು. ಆ ಆದೇಶ ಹೊರಡಿಸಿದ ಕಾಲೇಜೇ ಭೂಮಿಯ ಮೇಲಿರಲಿಲ್ಲ. ಅವರ ತಂದೆ ಆ ಹೊಲವನ್ನು ಬಿಡಿಸಿಕೊಳ್ಳಲು ಆರು ವರ್ಷ ದುಡಿದರು. "ಸದ್ಯಕ್ಕೆ ಪ್ರವಾಸಿ ವೀಸಾದಲ್ಲಿ ಹೋಗಿ, ಕೆಲಸದ ಪರವಾನಗಿ ಅಲ್ಲಿ ಮಾಡಿಸೋಣ" ಎನ್ನುವವನ ಮನೆಯ ಮೆಟ್ಟಿಲನ್ನು ಮತ್ತೆ ಹತ್ತಬಾರದು. ಆದೇಶ ಬಂದರೆ ವಿಶ್ವವಿದ್ಯಾಲಯಕ್ಕೇ ನೇರವಾಗಿ ಬರೆದು ಖಚಿತಪಡಿಸಿಕೊಳ್ಳಬೇಕು.

ಒಪ್ಪಂದಕ್ಕೆ ಸಹಿ ಮಾಡುವಾಗ ವೇತನದ ಮೊತ್ತಕ್ಕಿಂತ ಅದು ಯಾವ ನಾಣ್ಯದಲ್ಲಿ ಸಿಗುತ್ತದೆ, ಎಷ್ಟು ಭಾಗವನ್ನು ಊರಿಗೆ ಕಳುಹಿಸಬಹುದು ಎಂಬುದನ್ನು ಮೊದಲು ನೋಡಬೇಕು. 2024ರ ಜುಲೈಯಲ್ಲಿ ಇಥಿಯೋಪಿಯಾ ತನ್ನ ನಾಣ್ಯವಾದ ಬಿರ್‌ನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಾಗ ಕೆಲವೇ ತಿಂಗಳಲ್ಲಿ ಡಾಲರಿನೆದುರು ಅದರ ಮೌಲ್ಯ ಸುಮಾರು ಅರ್ಧಕ್ಕಿಳಿಯಿತು. ಬಿರ್‌ನಲ್ಲಿ ವೇತನ ಪಡೆಯುವವನ ಉಳಿತಾಯವೂ ಹಾಗೆಯೇ ಇಳಿಯಿತೆಂದು ತಿಳಿಯಬೇಕು. ವಸತಿ, ವಿಮಾನದ ಟಿಕೆಟ್ಟು, ವೈದ್ಯಕೀಯ ವೆಚ್ಚ, ರಜೆ ಇವೆಲ್ಲ ಬರವಣಿಗೆಯಲ್ಲಿರಬೇಕು. ಶಾಲೆಗೆ ಹೋಗುವ ಮಕ್ಕಳಿದ್ದರೆ, ಸಣ್ಣ ಊರಿನಲ್ಲಿ ಅವರ ಓದಿಗೆ ಏನು ಗತಿ ಎಂದು ಮನೆಯವರೆಲ್ಲ ಕೂಡಿ ಯೋಚಿಸಬೇಕು. ವೃದ್ಧ ತಂದೆತಾಯಿಗಳನ್ನು ಯಾರ ಕೈಗೆ ಒಪ್ಪಿಸಿ ಹೋಗುತ್ತೇವೆಂಬ ಪ್ರಶ್ನೆಗೆ ಉತ್ತರ ಸಿಗದೆ ಹೋದರೆ ಹೋಗದಿರುವುದೇ ಒಳಿತು. ನಮ್ಮ ಪುಣ್ಯಕ್ಕೆ ಅಲ್ಲಿಯ ದೊಡ್ಡ ರಜೆ ಮಳೆಗಾಲದಲ್ಲಿ ಬರುತ್ತಿದ್ದುದರಿಂದ, ಶ್ರಾವಣ ಮಾಸದಲ್ಲಿ ಊರಿಗೆ ಬಂದು ಮಠದ ಪ್ರವಚನದಲ್ಲಿ ತಾಯಿಯವರ ಪಕ್ಕದಲ್ಲಿ ಕುಳಿತುಕೊಳ್ಳಲು ಸಾಧ್ಯವಾಯಿತು.

ಅಬಾಯ್ ನದಿಗೆ ದೊಡ್ಡದೊಂದು ಅಣೆಕಟ್ಟು ಕಟ್ಟುವ ಕೆಲಸ 2011ರಲ್ಲಿ ಆರಂಭವಾಯಿತು. ಆಗ ನನ್ನ ಇಥಿಯೋಪಿಯನ್ ಸಹೋದ್ಯೋಗಿಗಳು ತಮ್ಮ ಒಂದು ತಿಂಗಳ ವೇತನದಷ್ಟು ಹಣ ಕೊಟ್ಟು ಅದರ ಸಾಲಪತ್ರಗಳನ್ನು ಕೊಂಡರು. ಆ ಅಣೆಕಟ್ಟು 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಬಡತನದಲ್ಲಿದ್ದೂ ತಮ್ಮ ನಾಡಿಗಾಗಿ ಕೊಡಬಲ್ಲ ಆ ಜನರ ಮಕ್ಕಳಿಗೆ ನಾಲ್ಕು ಅಕ್ಷರ ಹೇಳಿಕೊಟ್ಟೆನೆಂಬ ತೃಪ್ತಿ ಅಲ್ಲಿ ಗಳಿಸಿದ ಹಣಕ್ಕಿಂತ ಹೆಚ್ಚು ಕಾಲ ನನ್ನೊಂದಿಗೆ ಉಳಿದಿದೆ. ಸತ್ಯಶುದ್ಧವಾದ ಕಾಯಕಕ್ಕೆ ಬಸವಾದಿ ಶರಣರು ಮೇಲು ಕೀಳೆಂಬ ಭೇದ ಮಾಡಲಿಲ್ಲ. ಊರು, ಪರವೂರು ಎಂಬ ಗಡಿಯೂ ಅದಕ್ಕಿಲ್ಲ. ನಮ್ಮ ಹಳ್ಳಿಯ ಕನ್ನಡ ಶಾಲೆಯಿಂದ ಬಂದ ತರುಣರು ತಮ್ಮ ಮೂಲವನ್ನು ಕೀಳೆಂದು ಬಗೆಯದೆ, ದಾರಿಯನ್ನು ಚೆನ್ನಾಗಿ ವಿಚಾರಿಸಿಕೊಂಡು, ಯೋಗ್ಯತೆ ಗಳಿಸಿಕೊಂಡು ಹೊರಡಲಿ. ಹೋದಲ್ಲಿ ಗುರುವಾಗಿ ಬಾಳಲಿ.